ಪ್ರಶ್ನೋತ್ತರ: ರಾಷ್ಟ್ರಪತಿಯ ಸಹಿ, ರಾಷ್ಟ್ರಪತಿಯ ನೆನಪು

ಕಳೆದ ಸಂಚಿಕೆಯ ಅಂಕಣದಲ್ಲಿ ಮಾಜಿ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರು ತಮ್ಮ ಅಧಿಕಾರಾವಧಿಯ ಬಗ್ಗೆ 1994ರಲ್ಲಿ ಪ್ರಕಟಿಸಿದ ‘ಮೈ ಪ್ರೆಸಿಡೆನ್ಷಿಯಲ್ ಇಯರ್ಸ್’ ಎಂಬ ಗ್ರಂಥವನ್ನು ಪ್ರಸ್ತಾಪಿಸಿ, ರಾಜಕಾರಣ, ಸರ್ಕಾರ ಮತ್ತು ನಾಯಕತ್ವದ ಬಗ್ಗೆ ಅವರಿಗಿದ್ದ ಅಭಿಪ್ರಾಯಗಳನ್ನು ನಾಲ್ಕು ಮಾತಿನಲ್ಲಿ ಹೇಳಿದ್ದೆವು. ಓದುಗರಿಂದ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಹೆಚ್ಚಾಗಿತ್ತು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ವೆಂಕಟರಾಮನ್ ಹೆಸರನ್ನು ನಮ್ಮ ತಲೆಮಾರಿನವರು ಸಾಮಾನ್ಯ ಜ್ಞಾನದ ಪುಸ್ತಕದ ಪಟ್ಟಿಯಲ್ಲಷ್ಟೇ ಓದಿದ್ದೇವೆ. ಅವರ ನೆನಪುಗಳಿಗೆ ಈಗ ಏನು ಬೆಲೆ?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ತಂಜಾವೂರು ಜಿಲ್ಲೆಯ ರಾಜಾಮಡಂ ಎಂಬ ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದ ವೆಂಕಟರಾಮನ್ ವೃತ್ತಿಯಿಂದ ವಕೀಲರು. ಕಾರ್ಮಿಕ ಕಾನೂನು ಅವರ ವಿಶೇಷ ಕ್ಷೇತ್ರವಾಗಿತ್ತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದ ಅವರು 1957ರಿಂದ ಹತ್ತು ವರ್ಷ ಮದ್ರಾಸ್ ರಾಜ್ಯದಲ್ಲಿ ಸಚಿವರಾಗಿದ್ದರು, ಆಮೇಲೆ ಯೋಜನಾ ಆಯೋಗದ ಸದಸ್ಯರಾದರು, 1980ರಿಂದ ಕೇಂದ್ರದಲ್ಲಿ ಮೊದಲು ಹಣಕಾಸು, ನಂತರ ರಕ್ಷಣಾ ಖಾತೆಯನ್ನು ನಿರ್ವಹಿಸಿದರು. 1984ರಲ್ಲಿ ಉಪರಾಷ್ಟ್ರಪತಿಯಾಗಿ, 1987ರ ಜುಲೈ 25ರಂದು ರಾಷ್ಟ್ರಪತಿಯಾದರು.

ಅವರ ನೆನಪುಗಳಿಗೆ ಬೆಲೆ ಬಂದಿರುವುದು ಈ ಪದವಿಗಳ ಪಟ್ಟಿಯಿಂದಲ್ಲ. ಐದೇ ವರ್ಷಗಳಲ್ಲಿ ಅವರು ರಾಜೀವ್ ಗಾಂಧಿ, ವಿ.ಪಿ. ಸಿಂಗ್, ಚಂದ್ರಶೇಖರ್, ಪಿ.ವಿ. ನರಸಿಂಹ ರಾವ್ ಹೀಗೆ ನಾಲ್ವರು ಪ್ರಧಾನಿಗಳೊಂದಿಗೆ ಕೆಲಸ ಮಾಡಿದರು, ಅವರಲ್ಲಿ ಮೂವರಿಗೆ ಪ್ರಮಾಣವಚನವನ್ನೂ ಬೋಧಿಸಿದರು. ಒಂದೇ ಪಕ್ಷಕ್ಕೆ ಬಹುಮತ ಸಿಗುತ್ತಿದ್ದ ಕಾಲ ಮುಗಿದು ಸಮ್ಮಿಶ್ರ ಸರ್ಕಾರಗಳ ಕಾಲ ಶುರುವಾದ ಗಳಿಗೆಯಲ್ಲಿ ದೇಶದ ಅತ್ಯುನ್ನತ ಕುರ್ಚಿಯಲ್ಲಿದ್ದವರು ಅವರು. ಅವರ ಬರವಣಿಗೆ ರಸವತ್ತಾದುದಲ್ಲ. ಮನುಷ್ಯರಿಗಿಂತ ಕಡತಗಳೇ ಅಲ್ಲಿ ಹೆಚ್ಚು ಮಾತಾಡುತ್ತವೆ. ಆದರೆ ಅಂಥ ಬರವಣಿಗೆಯಿಂದ ಅಧಿಕಾರ ಹೇಗೆ ಕೈಬದಲಾಗುತ್ತದೆ ಎನ್ನುವುದು ಭಾಷಣಗಳಿಗಿಂತ ಚೆನ್ನಾಗಿ ತಿಳಿಯುತ್ತದೆ.

ಒಂದು ಪ್ರಸಂಗವನ್ನು ನೋಡಿ. 1989ರ ಡಿಸೆಂಬರ್ 2ರಂದು ವಿ.ಪಿ. ಸಿಂಗ್ ಅವರ ಜೊತೆಗೆ ದೇವಿಲಾಲ್ ಕೂಡ ಪ್ರಮಾಣವಚನ ಸ್ವೀಕರಿಸಿದರು. ಸಂವಿಧಾನದಲ್ಲಿ ಉಪಪ್ರಧಾನಿ ಎಂಬ ಹುದ್ದೆಯಿಲ್ಲವಾದ್ದರಿಂದ ವೆಂಕಟರಾಮನ್ ‘ಮಂತ್ರಿ’ ಎಂದು ಹೇಳಿಕೊಟ್ಟರು. ದೇವಿಲಾಲ್ ‘ಉಪಪ್ರಧಾನ ಮಂತ್ರಿ’ ಎಂದರು. ರಾಷ್ಟ್ರಪತಿ ತಿದ್ದಿದರು, ದೇವಿಲಾಲ್ ಮತ್ತೆ ಅದನ್ನೇ ಹೇಳಿದರು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಆ ವಿಶೇಷಣ ವರ್ಣನೆ ಮಾತ್ರ, ಪ್ರಮಾಣವಚನದ ಸಾರಕ್ಕೆ ಅದರಿಂದ ಧಕ್ಕೆಯಿಲ್ಲ ಎಂದು ನ್ಯಾಯಾಲಯ ಹೇಳಿತು. ತಿದ್ದುವುದು ತನ್ನ ಕರ್ತವ್ಯ, ತಿದ್ದಿದ ಮೇಲೂ ಕೇಳದಿದ್ದರೆ ಸಮಾರಂಭ ನಿಲ್ಲಿಸುವುದು ತನ್ನ ಕೆಲಸವಲ್ಲ ಎಂಬ ನಡವಳಿಕೆಯನ್ನು ನೆನಪಿನಲ್ಲಿಡಿ. ಅವರ ಐದು ವರ್ಷಗಳ ಉದ್ದಕ್ಕೂ ಅದು ಕಾಣಿಸುತ್ತದೆ.

ರಾಷ್ಟ್ರಪತಿ ಎಂದರೆ ರಬ್ಬರ್ ಸ್ಟ್ಯಾಂಪ್ ಎಂದೇ ನಾವು ಕೇಳಿಕೊಂಡು ಬಂದಿದ್ದೇವೆ. ವೆಂಕಟರಾಮನ್ ಇದನ್ನು ಒಪ್ಪುತ್ತಿದ್ದರೇ?
– ವ್ಯಾಪಾರಸ್ಥರೊಬ್ಬರು, ಬೆಳಗಾವಿ

ಒಪ್ಪುತ್ತಿರಲಿಲ್ಲ. ಅವರ ಪ್ರಸಿದ್ಧ ಹೋಲಿಕೆಯ ಪ್ರಕಾರ ರಾಷ್ಟ್ರಪತಿ ಎಮರ್ಜೆನ್ಸಿ ದೀಪವಿದ್ದಂತೆ. ಕರೆಂಟು ಹೋದಾಗ ತಾನಾಗಿ ಹೊತ್ತಿಕೊಳ್ಳುತ್ತದೆ, ಬಂದೊಡನೆ ಆರುತ್ತದೆ. ಸ್ಥಿರ ಸರ್ಕಾರವಿದ್ದಾಗ ರಾಷ್ಟ್ರಪತಿ ಸಂಪುಟದ ಸಲಹೆಯಂತೆ ನಡೆಯಬೇಕು, ಯಾರಿಗೂ ಬಹುಮತವಿಲ್ಲದೆ ಕತ್ತಲಾದಾಗ ಮಾತ್ರ ಸ್ವಂತ ವಿವೇಚನೆ ಬಳಸಬೇಕು ಎಂಬುದು ಇದರ ತಾತ್ಪರ್ಯ.

ಅಂಥ ಕತ್ತಲು ಅವರ ಅವಧಿಯಲ್ಲಿ ಎರಡು ಬಾರಿ ಕವಿಯಿತು. 1989ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 197, ಜನತಾ ದಳಕ್ಕೆ 143, ಬಿಜೆಪಿಗೆ 85 ಸ್ಥಾನಗಳು ಬಂದವು. ಸೋತ ಪಕ್ಷವೇ ಅತಿದೊಡ್ಡ ಪಕ್ಷವೂ ಆಗಿದ್ದರಿಂದ ವೆಂಕಟರಾಮನ್ ಮೊದಲು ರಾಜೀವ್ ಗಾಂಧಿಯವರನ್ನೇ ಕೇಳಿದರು. ಅವರು ನಿರಾಕರಿಸಿದ ಬಳಿಕ ವಿ.ಪಿ. ಸಿಂಗ್ ಅವರನ್ನು ಕರೆದು, ಮೂವತ್ತು ದಿನಗಳೊಳಗೆ ಲೋಕಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಸೂಚಿಸಿದರು. ಮರುವರ್ಷ ನವೆಂಬರ್ 7ರಂದು ಆ ಸರ್ಕಾರ ವಿಶ್ವಾಸಮತದಲ್ಲಿ ಬಿದ್ದಾಗಲೂ ಅದೇ ಕ್ರಮ ಅನುಸರಿಸಿ ಕಾಂಗ್ರೆಸ್, ಬಿಜೆಪಿ, ಎಡಪಕ್ಷಗಳನ್ನು ವಿಚಾರಿಸಿದರು. ಯಾರೂ ಮುಂದೆ ಬಾರದಿದ್ದಾಗ, ಅರವತ್ತರ ಆಸುಪಾಸಿನ ಸದಸ್ಯಬಲದ ಚಂದ್ರಶೇಖರ್ ಅವರಿಗೆ ಕಾಂಗ್ರೆಸ್ಸಿನ ಬೆಂಬಲದ ಆಧಾರದ ಮೇಲೆ ಅವಕಾಶ ಕೊಟ್ಟರು. ನಾಲ್ಕು ತಿಂಗಳೂ ತುಂಬದೆ, ರಾಜೀವ್ ಗಾಂಧಿಯವರ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ನಿಗಾ ಇಟ್ಟಿದ್ದಾರೆಂಬ ಕಾರಣ ಮುಂದಿಟ್ಟು ಕಾಂಗ್ರೆಸ್ ಮುನಿಸಿಕೊಂಡಿತು. 1991ರ ಮಾರ್ಚ್ 6ರಂದು ಚಂದ್ರಶೇಖರ್ ರಾಜೀನಾಮೆ ಕೊಟ್ಟರು. ಲೇಖಾನುದಾನದಂಥ (ಪೂರ್ಣ ಬಜೆಟ್ ಬರುವ ತನಕದ ಖರ್ಚಿಗೆ ಸದನದ ಒಪ್ಪಿಗೆ) ಅನಿವಾರ್ಯ ಕೆಲಸಗಳು ಮುಗಿದ ಮೇಲೆ 13ರಂದು ಲೋಕಸಭೆ ವಿಸರ್ಜನೆಯಾಯಿತು.

ಆಮೇಲಿನ ಮೂರು ತಿಂಗಳು ದೇಶವನ್ನು ನಡೆಸಿದ್ದು ಉಸ್ತುವಾರಿ ಸರ್ಕಾರ. ವಿದೇಶಿ ವಿನಿಮಯ ಬರಿದಾಗಿ 20 ಟನ್ ಚಿನ್ನವನ್ನು ಹೊರಗೆ ಕಳಿಸಿ ಹಣ ತರಬೇಕಾದದ್ದೂ, ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದದ್ದೂ ಈ ಅವಧಿಯಲ್ಲೇ. ಉಸ್ತುವಾರಿ ಸರ್ಕಾರ ಏನು ಮಾಡಬಹುದು, ಏನು ಮಾಡಬಾರದು ಎಂದು ಸಂವಿಧಾನ ಎಲ್ಲಿಯೂ ಹೇಳುವುದಿಲ್ಲ. ಇಷ್ಟಾದರೂ ಅಧಿಕಾರ ಹಸ್ತಾಂತರದಲ್ಲಿ ಒಂದು ದಿನವೂ ಗೊಂದಲವಾಗಲಿಲ್ಲ. ಇದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ವೆಂಕಟರಾಮನ್ ಅವರಿಗೆ ಸಲ್ಲಬೇಕು. ದೆಹಲಿಯ ಮಟ್ಟಿಗೆ ದೀಪ ಹೊತ್ತಬೇಕಾದಾಗ ಹೊತ್ತಿತು.

ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ ಆದೇಶಕ್ಕೆ ಸಹಿ ಹಾಕಿದವರು ಇದೇ ವೆಂಕಟರಾಮನ್ ಅಲ್ಲವೇ? ನಿಮ್ಮ ಅಂಕಣದಲ್ಲಿ ಆ ಮಾತೇ ಬರಲಿಲ್ಲ. ಆಗ ಆ ದೀಪ ಎಲ್ಲಿತ್ತು?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಪತ್ರಗಳಲ್ಲೆಲ್ಲ ಇದೇ ಹರಿತವಾದ ಪ್ರಶ್ನೆ, ಆದ್ದರಿಂದ ಉತ್ತರ ಸ್ವಲ್ಪ ದೀರ್ಘವಾಗುತ್ತದೆ. 

ರಾಮಕೃಷ್ಣ ಹೆಗಡೆಯವರ ರಾಜೀನಾಮೆಯ ನಂತರ 1988ರ ಆಗಸ್ಟ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಗುತ್ತಿದ್ದಂತೆ ಅತೃಪ್ತಿ ಸ್ಫೋಟಗೊಂಡು, ಶಾಸಕರೊಬ್ಬರು ಬೆಂಬಲ ಹಿಂತೆಗೆದುಕೊಳ್ಳುವ ಹತ್ತೊಂಬತ್ತು ಮಂದಿಯ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಮುಂದಿಟ್ಟರು. ರಾಜ್ಯಪಾಲರು 19ರಂದು ದೆಹಲಿಗೆ ವರದಿ ಕಳಿಸಿದರು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ಮಾಹಿತಿ ನೀಡಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಅದೇ ದಿನ ಬೊಮ್ಮಾಯಿಯವರು ರಾಜ್ಯಪಾಲರನ್ನು ಕಂಡು, ಬೇಕಿದ್ದರೆ ಅಧಿವೇಶನವನ್ನು ಮುಂಚಿತವಾಗಿ ಕರೆದು ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರು. ಅದಕ್ಕೆ ಅವಕಾಶ ಕೊಡದ ರಾಜ್ಯಪಾಲರು ಎರಡನೆಯ ವರದಿಯನ್ನೂ ರವಾನಿಸಿದರು. 21ರಂದು ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಬಿತ್ತು. ಮೊದಲ ವರದಿಗೂ ಘೋಷಣೆಗೂ ನಡುವೆ ಇದ್ದದ್ದು ಎರಡೇ ದಿನ.

ವೆಂಕಟರಾಮನ್ ಪರವಾಗಿ ಹೇಳಬಹುದಾದ ಮಾತೂ ಇದೆ. ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧರು, ಆಗ ರಾಜೀವ್ ಗಾಂಧಿಯವರ ಸಂಪುಟಕ್ಕೆ ಲೋಕಸಭೆಯಲ್ಲಿ ಭಾರಿ ಬಹುಮತವಿತ್ತು, ಆದ್ದರಿಂದ ಅವರ ಸಿದ್ಧಾಂತದ ಪ್ರಕಾರ ದೀಪ ಹೊತ್ತಬೇಕಾದ ಸಂದರ್ಭವೇ ಅದಾಗಿರಲಿಲ್ಲ. ಆದರೆ ಸಂವಿಧಾನದ 44ನೇ ತಿದ್ದುಪಡಿ ಸಂಪುಟದ ಸಲಹೆಯನ್ನು ಒಂದು ಬಾರಿ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತ್ತು. ಸದನದಲ್ಲಿ ಬಲಾಬಲ ಪರೀಕ್ಷೆ ಯಾಕೆ ಬೇಡ ಎಂದು ಒಂದು ಸಾಲು ಬರೆದು ಕಡತವನ್ನು ಹಿಂದಕ್ಕೆ ಕಳಿಸಿದ್ದರೆ ಸಂವಿಧಾನದ ಒಂದಕ್ಷರವೂ ಮುರಿಯುತ್ತಿರಲಿಲ್ಲ. ವಿ.ಪಿ. ಸಿಂಗ್ ಅವರಿಗೆ ಬಹುಮತವನ್ನು ಲೋಕಸಭೆಯಲ್ಲಿ ತೋರಿಸಿ ಎಂದು ಸೂಚಿಸಿದ ರಾಷ್ಟ್ರಪತಿಯೇ ಅದಕ್ಕೆ ಕೆಲವು ತಿಂಗಳ ಹಿಂದೆ ಬೊಮ್ಮಾಯಿಯವರ ವಿಷಯದಲ್ಲಿ ರಾಜಭವನದ ಲೆಕ್ಕಾಚಾರವನ್ನು ಸಾಕೆಂದು ಒಪ್ಪಿಕೊಂಡದ್ದು ನಮಗೆ ಸಮರ್ಥನೀಯವಾಗಿ ಕಾಣುವುದಿಲ್ಲ.

ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಅಂದರೆ ಅವರ ಗ್ರಂಥ ಹೊರಬಂದ ವರ್ಷವೇ, ಸರ್ಕಾರದ ಬಹುಮತ ನಿರ್ಧಾರವಾಗಬೇಕಾದದ್ದು ಸದನದಲ್ಲೇ ಎಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಅಸಾಂವಿಧಾನಿಕವೆಂದು ಘೋಷಿತವಾದದ್ದು ನಾಗಾಲ್ಯಾಂಡ್ (1988), ಕರ್ನಾಟಕ (1989), ಮೇಘಾಲಯ (1991) ಈ ಮೂರು ರಾಜ್ಯಗಳ ಘೋಷಣೆಗಳು. ಮೂರಕ್ಕೂ ಸಹಿ ಹಾಕಿದವರು ವೆಂಕಟರಾಮನ್. ಅಯೋಧ್ಯೆಯ ಘಟನೆಯ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ಮುಂದಿನ ರಾಷ್ಟ್ರಪತಿ ಶಂಕರ ದಯಾಳ್ ಶರ್ಮ ಅವರ ಸಹಿಯಿಂದ ಜಾರಿಯಾದ ಘೋಷಣೆಗಳು ಅದೇ ತೀರ್ಪಿನಲ್ಲಿ ಊರ್ಜಿತವಾದವು. ನಿಯಮಪಾಲನೆಗೆ ಹೆಸರಾದ ರಾಷ್ಟ್ರಪತಿಯ ಮೂರು ಸಹಿಗಳು ನಿಯಮದ ಒರೆಗಲ್ಲಿಗೆ ನಿಲ್ಲಲಿಲ್ಲ ಎನ್ನುವುದನ್ನು ಅವರ ಗ್ರಂಥ ಓದುವವರು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಇದು ಇಲ್ಲಿಗೇ ಮುಗಿಯುವುದಿಲ್ಲ. 1991ರ ಜನವರಿ 30ರಂದು ತಮಿಳುನಾಡಿನ ಕರುಣಾನಿಧಿ ಸರ್ಕಾರ ವಜಾ ಆದಾಗ ಅಲ್ಲಿನ ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲಾ ವರದಿ ಕಳಿಸಲು ಒಪ್ಪಿರಲೇ ಇಲ್ಲ. ರಾಜ್ಯಪಾಲರ ವರದಿ ಇಲ್ಲದೆಯೂ ರಾಷ್ಟ್ರಪತಿಗೆ ಬೇರೆ ರೀತಿಯಲ್ಲಿ ಮನವರಿಕೆಯಾದರೆ ಸಾಕು ಎಂಬ, ರಾಷ್ಟ್ರಪತಿ ಆಳ್ವಿಕೆಗೆ ಸಂಬಂಧಿಸಿದ 356ನೇ ವಿಧಿಯ ಅವಕಾಶವನ್ನು ಬಳಸಿ ಆದೇಶ ಹೊರಡಿಸಲಾಯಿತು. ಆ ರಾಜ್ಯದಲ್ಲಿ ಹತ್ತು ವರ್ಷ ಸಚಿವರಾಗಿದ್ದವರೇ ಆಗ ರಾಷ್ಟ್ರಪತಿ ಭವನದಲ್ಲಿದ್ದರು.

ನಮ್ಮ ರಾಜ್ಯದ ಮಟ್ಟಿಗೆ ಇನ್ನೂ ಒಂದು ಮಾತು. 1989ರ ಕೊನೆಯ ಚುನಾವಣೆಯಲ್ಲಿ 224ರಲ್ಲಿ 178 ಸ್ಥಾನ ಗೆದ್ದ ಕಾಂಗ್ರೆಸ್ಸಿನ ವೀರೇಂದ್ರ ಪಾಟೀಲರನ್ನು ಬದಲಿಸುವ ಜಗಳದಲ್ಲಿ 1990ರ ಅಕ್ಟೋಬರ್ 10ರಿಂದ ಒಂದು ವಾರ ಇಲ್ಲಿ ಮತ್ತೆ ರಾಷ್ಟ್ರಪತಿ ಆಳ್ವಿಕೆ ಬಂತು. ಈ ಬಾರಿ ಸಲಹೆ ಕೊಟ್ಟದ್ದು ಬೊಮ್ಮಾಯಿಯವರ ಪಕ್ಷದವರೇ ಆದ ವಿ.ಪಿ. ಸಿಂಗ್ ಅವರ ಸಂಪುಟ. ಹದಿನೆಂಟು ತಿಂಗಳಲ್ಲಿ ಎರಡು ಬೇರೆ ಬೇರೆ ಪಕ್ಷಗಳು ಒಂದೇ ವಿಧಿಯನ್ನು ಒಂದೇ ರಾಜ್ಯದ ಮೇಲೆ ಪ್ರಯೋಗಿಸಿದವು.

ನಮ್ಮೂರಿನ ಬಿ.ಡಿ. ಜತ್ತಿಯವರೂ ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ ಇಂಥದ್ದೇ ಇಕ್ಕಟ್ಟಿಗೆ ಸಿಲುಕಿದ್ದರೆಂದು ಹಿರಿಯರು ಹೇಳುತ್ತಾರೆ. ನಿಜವೇ?
– ಓದುಗರು, ಜಮಖಂಡಿ

ನಿಜ. ಫಕ್ರುದ್ದೀನ್ ಅಲಿ ಅಹಮದ್ ಅವರ ನಿಧನದ ನಂತರ 1977ರ ಫೆಬ್ರವರಿಯಿಂದ ಜುಲೈವರೆಗೆ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಲೋಕಸಭೆಯಲ್ಲಿ ಗೆದ್ದ ಜನತಾ ಸರ್ಕಾರ, ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ನೀಡಿತು. ಜತ್ತಿಯವರು ಕೂಡಲೇ ಸಹಿ ಹಾಕದೆ ಹಿಂಜರಿದರು. ಅಷ್ಟಕ್ಕೇ ದೆಹಲಿಯಲ್ಲಿ ಗದ್ದಲವೆದ್ದಿತು. ಏಪ್ರಿಲ್ 30ರಂದು ಸಹಿ ಬಿತ್ತು.

ಆ ಹಿಂಜರಿಕೆಯನ್ನು ಅವರ ಹಳೆಯ ಪಕ್ಷನಿಷ್ಠೆಯೆಂದು ಅಂದು ಟೀಕಿಸಿದವರು ಬಹಳ ಮಂದಿ. ಅವರ ಮನಸ್ಸಿನಲ್ಲಿ ಏನಿತ್ತೇ ಇರಲಿ, ಸಂಪುಟದ ಸಲಹೆಯನ್ನು ಹಿಂದಿರುಗಿಸುವ ಅಧಿಕಾರ ಅವರಿಗಿರಲಿಲ್ಲ. 42ನೇ ತಿದ್ದುಪಡಿ ಸಲಹೆಗೆ ಬದ್ಧರಾಗಿರಬೇಕೆಂದು ಕಟ್ಟಿಹಾಕಿತ್ತು, 44ನೆಯದು ಇನ್ನೂ ಬಂದಿರಲಿಲ್ಲ. ಕೈಯಲ್ಲಿ ಅಧಿಕಾರವಿಲ್ಲದ ಜತ್ತಿಯವರು ತಡೆದರು, ಅಧಿಕಾರವಿದ್ದ ವೆಂಕಟರಾಮನ್ ತಡೆಯಲಿಲ್ಲ. ಜತ್ತಿಯವರನ್ನು ದುರ್ಬಲರೆಂದೂ ವೆಂಕಟರಾಮನ್ ಅವರನ್ನು ಸಮರ್ಥರೆಂದೂ ಬರೆಯುವ ರೂಢಿಯನ್ನು ಬಿಡುವುದು ಒಳ್ಳೆಯದು.

ಅತಿದೊಡ್ಡ ಪಕ್ಷವನ್ನೇ ಮೊದಲು ಕರೆಯಬೇಕು ಎಂಬ ವೆಂಕಟರಾಮನ್ ಅವರ ಕ್ರಮ ಸರಿಯೇ? 2018ರಲ್ಲಿ ನಮ್ಮ ರಾಜ್ಯಪಾಲರೂ ಅದನ್ನೇ ಮಾಡಿ ಕೋರ್ಟಿನ ಮೆಟ್ಟಿಲು ಹತ್ತುವಂತಾಯಿತಲ್ಲ?
– ವಕೀಲರು, ಮಂಡ್ಯ

ಆ ಕ್ರಮದ ಗುಣವೆಂದರೆ ಅದರಲ್ಲಿ ರಾಷ್ಟ್ರಪತಿಯ ಇಷ್ಟಾನಿಷ್ಟಕ್ಕೆ ಜಾಗವಿಲ್ಲ. ಸಂಖ್ಯೆಯ ಇಳಿಕೆಯ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಹೋದರೆ ಪಕ್ಷಪಾತದ ಆರೋಪ ಬರುವುದಿಲ್ಲ. ದೋಷವೆಂದರೆ ಬಹುಮತ ಒದಗುವ ಸಾಧ್ಯತೆ ಇದೆಯೇ ಎಂದು ನೋಡದೆ ಅಧಿಕಾರ ಕೊಟ್ಟಂತಾಗುತ್ತದೆ. 1996ರಲ್ಲಿ ಶಂಕರ ದಯಾಳ್ ಶರ್ಮ ಅದೇ ಕ್ರಮದಂತೆ ಅಟಲ್ ಬಿಹಾರಿ ವಾಜಪೇಯಿಯವರನ್ನು ಕರೆದರು, ಹದಿಮೂರು ದಿನಕ್ಕೆ ಸರ್ಕಾರ ಹೋಯಿತು. ಇದನ್ನು ಕಂಡಿದ್ದ, ಶರ್ಮ ಅವರ ನಂತರದ ರಾಷ್ಟ್ರಪತಿ ಕೆ.ಆರ್. ನಾರಾಯಣನ್ 1998ರಲ್ಲಿ ಮಿತ್ರಪಕ್ಷಗಳ ಬೆಂಬಲ ಪತ್ರಗಳನ್ನು ಮೊದಲು ತರಿಸಿಕೊಂಡು ಆಮೇಲೆ ಆಹ್ವಾನಿಸಿದರು.

1989ರಲ್ಲಿ ವೆಂಕಟರಾಮನ್ ಅವರ ಕ್ರಮ ಫಲಿಸಿದ್ದು ರಾಜೀವ್ ಗಾಂಧಿ ತಾವಾಗಿಯೇ ಬೇಡವೆಂದದ್ದರಿಂದ. ಬೇಕು ಎಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಕರ್ನಾಟಕದಲ್ಲಿ 2018ರ ಮೇನಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37 ಸ್ಥಾನಗಳಿದ್ದು, ನಂತರದ ಎರಡು ಪಕ್ಷಗಳು ಫಲಿತಾಂಶದ ದಿನವೇ ಕೈಜೋಡಿಸಿದ್ದವು. ರಾಜ್ಯಪಾಲ ವಜುಭಾಯಿ ವಾಲಾ ಅವರು ಬಿ.ಎಸ್. ಯಡಿಯೂರಪ್ಪನವರನ್ನು ಆಹ್ವಾನಿಸಿ ಬಹುಮತಕ್ಕೆ ಹದಿನೈದು ದಿನ ಕೊಟ್ಟರು. ಸುಪ್ರೀಂ ಕೋರ್ಟು 19ರಂದೇ ಪರೀಕ್ಷೆ ನಡೆಯಲಿ ಎಂದಿತು, ಮತಕ್ಕೆ ಹಾಕುವ ಮುನ್ನವೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಸದನವೇ ನಿರ್ಧರಿಸಬೇಕು ಎಂಬ ಮಾತಿಗೆ ಇಂದು ಇಷ್ಟು ಬಲ ಬಂದಿರುವುದು ಬೊಮ್ಮಾಯಿ ಪ್ರಕರಣದಿಂದ. ನಮ್ಮ ಅಭಿಪ್ರಾಯದಲ್ಲಿ ಸಮ್ಮಿಶ್ರ ಕಾಲಕ್ಕೆ ನಾರಾಯಣನ್ ಅವರ ಕ್ರಮವೇ ಹೆಚ್ಚು ಹೊಂದುತ್ತದೆ.

ಸಂಸದರ ಪಿಂಚಣಿ ಮಸೂದೆಯನ್ನು ವೆಂಕಟರಾಮನ್ ತಡೆದರೆಂದು ಕೇಳಿದ್ದೇನೆ. ಹೌದೇ?
– ಗೃಹಿಣಿ, ಬೆಂಗಳೂರು

ಹೌದು. 1991ರಲ್ಲಿ ಒಂಬತ್ತನೇ ಲೋಕಸಭೆ ವಿಸರ್ಜನೆಯಾಗುವ ಹೊತ್ತಿನಲ್ಲಿ ಸಂಸದರ ಸಂಬಳ, ಭತ್ಯೆ ಮತ್ತು ಪಿಂಚಣಿ ತಿದ್ದುಪಡಿ ಮಸೂದೆಯನ್ನು ತರಾತುರಿಯಲ್ಲಿ ಅಂಗೀಕರಿಸಲಾಗಿತ್ತು. ಅಂಥ ಮಸೂದೆಗೆ ಮೊದಲೇ ಪಡೆಯಬೇಕಾದ ರಾಷ್ಟ್ರಪತಿಯ ಶಿಫಾರಸನ್ನು ಪಡೆದಿರಲಿಲ್ಲ. ವೆಂಕಟರಾಮನ್ ಅಂಕಿತ ಹಾಕಲಿಲ್ಲ, ಮಸೂದೆ ಅಲ್ಲಿಗೇ ಸತ್ತಿತು. ಮನಸ್ಸು ಮಾಡಿದರೆ ಅವರ ಪೆನ್ನು ನಿಲ್ಲುತ್ತಿತ್ತು ಎನ್ನುವುದಕ್ಕೆ ಇದು ಸಾಕ್ಷಿ.

ನಾನು ಇಪ್ಪತ್ತು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ. ವೆಂಕಟರಾಮನ್ ಭಾರತಕ್ಕೆ ಅಧ್ಯಕ್ಷೀಯ ಪದ್ಧತಿ ಬೇಕೆಂದೂ, ಎಲ್ಲ ಪಕ್ಷಗಳ ರಾಷ್ಟ್ರೀಯ ಸರ್ಕಾರ ಬೇಕೆಂದೂ ಹೇಳಿದ್ದರಂತೆ. ಎರಡೂ ಒಬ್ಬರದೇ ಮಾತೇ?
– ಕನ್ನಡಿಗರೊಬ್ಬರು, ಕ್ಯಾಲಿಫೋರ್ನಿಯಾ

ಒಬ್ಬರದೇ, ಆದರೆ ಬೇರೆ ಬೇರೆ ಕಾಲದ್ದು. ಮದ್ರಾಸಿನಲ್ಲಿ ಸಚಿವರಾಗಿದ್ದ 1960ರ ದಶಕದಲ್ಲೇ ಅವರು ಕಾರ್ಯಾಂಗದ ಮುಖ್ಯಸ್ಥರನ್ನು ಜನರೇ ನೇರವಾಗಿ ನಿಶ್ಚಿತ ಅವಧಿಗೆ ಚುನಾಯಿಸುವ ಪದ್ಧತಿಯ ಪರವಾಗಿದ್ದರು. ಪಕ್ಷಾಂತರಗಳಿಂದ ಸರ್ಕಾರಗಳು ಉರುಳುವುದಕ್ಕೆ ಅದು ಮದ್ದು ಎಂಬುದು ಅವರ ವಾದ. ಮೂರು ಸರ್ಕಾರಗಳು ಬದಲಾದದ್ದನ್ನು ರಾಷ್ಟ್ರಪತಿಯಾಗಿ ಕಂಡ ಮೇಲೆ, ಆಡಳಿತ ಪಕ್ಷ ಮತ್ತು ವಿರೋಧ ಪಕ್ಷ ಎಂಬ ಕಾದಾಟವನ್ನೇ ಬಿಟ್ಟು ಎಲ್ಲ ಪಕ್ಷಗಳೂ ಸಂಪುಟದಲ್ಲಿ ಪಾಲ್ಗೊಳ್ಳುವ ರಾಷ್ಟ್ರೀಯ ಸರ್ಕಾರದ ಕಡೆಗೆ ಅವರ ಒಲವು ಹರಿಯಿತು, ನಿವೃತ್ತಿಯ ನಂತರವೂ ಅದನ್ನು ಪ್ರತಿಪಾದಿಸಿದರು.

ಎರಡರ ಹಿಂದೆಯೂ ಇರುವುದು ಸ್ಥಿರತೆಯ ಹಂಬಲ. ಅದು ಅರ್ಥವಾಗುವಂಥದ್ದೇ. ಆದರೆ ಎಲ್ಲರೂ ಸರ್ಕಾರದಲ್ಲೇ ಕುಳಿತರೆ ಚಿನ್ನ ಯಾಕೆ ಹೊರಗೆ ಹೋಯಿತು, ಬೊಮ್ಮಾಯಿ ಯಾಕೆ ವಜಾ ಆದರು ಎಂದು ಲೋಕಸಭೆಯಲ್ಲಿ ಕೇಳುವವರು ಯಾರು ಎಂಬ ಪ್ರಶ್ನೆಗೆ ಆ ಯೋಜನೆಯಲ್ಲಿ ನಮಗೆ ಉತ್ತರ ಕಾಣಿಸಲಿಲ್ಲ. ನೀವಿರುವ ದೇಶದಲ್ಲಂತೂ ನಿಶ್ಚಿತ ಅವಧಿಯ ಅಧ್ಯಕ್ಷರಿಗೂ ಸಂಸತ್ತಿಗೂ ಜಟಾಪಟಿಯಾಗಿ ಸರ್ಕಾರಿ ಕಚೇರಿಗಳೇ ಬಾಗಿಲು ಮುಚ್ಚುವುದನ್ನು ತಾವು ಕಂಡಿರುತ್ತೀರಿ. 2000ದ ಜನವರಿಯಲ್ಲಿ ಗಣರಾಜ್ಯದ ಸುವರ್ಣ ಮಹೋತ್ಸವದಂದು ನಾರಾಯಣನ್ ಅವರು, ಸಂವಿಧಾನ ನಮ್ಮನ್ನು ಸೋಲಿಸಿತೋ ನಾವೇ ಸಂವಿಧಾನವನ್ನು ಸೋಲಿಸಿದೆವೋ ಎಂದು ಯೋಚಿಸಬೇಕೆಂದು ಸೆಂಟ್ರಲ್ ಹಾಲ್‌ನಲ್ಲಿ ಕೇಳಿದರು. ಪದ್ಧತಿ ಬದಲಾಯಿಸುವವರಿಗೆ ನಾವು ಹೇಳಬೇಕಾದದ್ದೂ ಅದೇ.

ಸಲಹೆಯನ್ನು ಹಿಂದಿರುಗಿಸಬಹುದಿತ್ತು ಎನ್ನುವುದು ಸುಲಭ. ಸಂಪುಟ ಮತ್ತೆ ಅದನ್ನೇ ಕಳಿಸಿದರೆ ಸಹಿ ಹಾಕಲೇಬೇಕಲ್ಲ, ಏನು ಪ್ರಯೋಜನ?
– ಸರ್ಕಾರಿ ನೌಕರರು, ಕಲಬುರಗಿ

ಪ್ರಯೋಜನವಾದ ಉದಾಹರಣೆಗಳೇ ಇವೆ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಬೇಕೆಂಬ ಐ.ಕೆ. ಗುಜ್ರಾಲ್ ಸಂಪುಟದ ಸಲಹೆಯನ್ನು ನಾರಾಯಣನ್ ಹಿಂದಿರುಗಿಸಿದಾಗ ಸಂಪುಟ ಅದನ್ನು ಕೈಬಿಟ್ಟಿತು. 1998ರ ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಬ್ರಿ ದೇವಿ ಸರ್ಕಾರದ ವಿಷಯದಲ್ಲಿ ವಾಜಪೇಯಿ ಸಂಪುಟದ ಸಲಹೆಯನ್ನೂ ಹಿಂದಿರುಗಿಸಿದರು. 1999ರ ಫೆಬ್ರವರಿಯಲ್ಲಿ ಬಿಹಾರದ ಕಡತ ಮತ್ತೆ ಬಂತು, ಆಗ ಅವರು ಸಹಿ ಹಾಕಿದರು. ಘೋಷಣೆಗೆ ರಾಜ್ಯಸಭೆಯ ಒಪ್ಪಿಗೆ ಸಿಗುವುದಿಲ್ಲವೆಂದು ಖಚಿತವಾದ ಮೇಲೆ ಕೇಂದ್ರವೇ ಅದನ್ನು ಹಿಂತೆಗೆದುಕೊಂಡಿತು. ಮಾರ್ಚ್‌ನಲ್ಲಿ ರಾಬ್ರಿ ದೇವಿಯವರು ಮತ್ತೆ ಅಧಿಕಾರಕ್ಕೆ ಮರಳಿದರು.